ಸೈರನ್ನಿಗೆ ಕೈ ಎತ್ತಿದ ಸುಳ್ಳು ಬೀಗರು

ಹತ್ತು ಸಾವಿರ ಮಂದಿ ಒಂದೇ ಜಾಗದಲ್ಲಿ ಕೈ ಎತ್ತಿ ಸುಮ್ಮನೆ ಕೂತಿದ್ದರು. ಲುಂಬಿನಿ ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರ ಎಳೆದುಕೊಂಡು ಮತ್ತೊಮ್ಮೆ ನೋಡಿದಳು. ಹೌದು, ಒಬ್ಬರೂ ತಪ್ಪಿಲ್ಲ. ಎಲ್ಲರೂ ಪಿನ್‌ಕೋಡಿನ ಅರ್ಧ ಬರೆದು, ಉಳಿದರ್ಧ ಬಿಟ್ಟು, ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ನಿಂತು, ಆಮೇಲೆ ಮುಂದುವರಿದಿದ್ದರು.

ಈ ಹತ್ತು ಸಾವಿರ ಮಂದಿಯೇ ಮೊನ್ನೆ ‘ಕಾಗಿಣಾ ಬುತ್ತಿ’ ಜಾಲತಾಣವನ್ನು ತಾಲೀಮಿನ ದಿನವೇ ಕೆಡವಿದವರು. ಅವರನ್ನು ಕಳಿಸಿದ ಬಾಡಿಗೆ ಸರ್ವರುಗಳು ಲುಂಬಿನಿಯ ಖಾತೆಯಿಂದಲೇ ಎದ್ದಿದ್ದವು.

ಅವಳ ಕಸುಬೇ ಅಂಥದ್ದು. ವಾಡಿ ಸ್ಟೇಷನ್ ಎದುರಿನ ಮಾಳಿಗೆಯ ಒಂದು ಕೋಣೆ, ಎರಡು ಲ್ಯಾಪ್‌ಟಾಪು, ಜೊತೆಗೆ ಚಿಕ್ಕವ್ವನ ಮಗ ಅಜಯಕುಮಾರ. ಯಾರಾದರೂ ಹೊಸ ಜಾಲತಾಣ ಕಟ್ಟಿದರೆ, ಅದು ಎಷ್ಟು ಮಂದಿಯ ಭಾರ ತಾಳುತ್ತದೆ ಎಂದು ಮುಂಚೆಯೇ ತೂಗಿ ಹೇಳುವುದು ಇವರ ಕೆಲಸ. ಮದುವೆಗೆ ಶಾಮಿಯಾನ, ಹಂಡೆ, ಪಾತ್ರೆ ಬಾಡಿಗೆಗೆ ತರುತ್ತಾರಲ್ಲ, ಹಾಗೆ ಮುಂಬಯಿಯ ಕ್ಲೌಡಿನಲ್ಲಿ ಗಂಟೆಯ ಲೆಕ್ಕಕ್ಕೆ ಸರ್ವರುಗಳನ್ನು ತಂದು, ಅವುಗಳಿಂದ ಸಾವಿರಗಟ್ಟಲೆ ಸುಳ್ಳು ಗಿರಾಕಿಗಳನ್ನು ಹುಟ್ಟಿಸಿ, ತಾಣಕ್ಕೆ ನುಗ್ಗಿಸಿ ನೋಡುವುದು. ನಿಂತರೆ ಸೈ. ಬಿದ್ದರೆ ಹಬ್ಬಕ್ಕೆ ಮುಂಚೆ ಬಿತ್ತಲ್ಲ ಎಂದು ಸಮಾಧಾನ. ಈ ಗಿರಾಕಿಗಳಿಗೆ ಲುಂಬಿನಿ ಇಟ್ಟ ಹೆಸರು ‘ಸುಳ್ಳು ಬೀಗರು’. ಉಣ್ಣುವುದಿಲ್ಲ, ಮಲಗುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಬೀಗರೆಂದರೆ ಇಂಥವರು ಸಿಗಬೇಕು ಎಂದು ಅವಳು ನಗುತ್ತಿದ್ದಳು.

ಈಗ ನಗುವ ಕಾಲವಲ್ಲ. ಎಳ್ಳ ಅಮಾಸಿ ಎದುರಿಗಿತ್ತು. ಪುಣೆ, ಹೈದರಾಬಾದ್, ಮುಂಬಯಿ ಸೇರಿದ ಈ ಕಡೆಯ ಮಂದಿಗೆಲ್ಲ ಹೊಲದ ಊಟದ ನೆನಪು ಕಾಡುವ ಹೊತ್ತು. ಕಾಳಗಿಯಿಂದ ಚಿಂಚೋಳಿಯವರೆಗಿನ ಹೆಣ್ಣುಮಕ್ಕಳ ಸಂಘ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಚಟ್ನಿ ಕಟ್ಟಿ ಅವರಿಗೆ ಬುತ್ತಿ ಕಳಿಸುವುದಕ್ಕೆ ಹೊರಟಿತ್ತು. ನಾಳೆ ಮುಂಜಾನೆ ಬುಕಿಂಗ್ ತೆರೆಯುತ್ತದೆ.

ಸಂಘದ ಅಧ್ಯಕ್ಷೆ ಶಿವಕಾಂತಮ್ಮ ನಿನ್ನೆ ಚಿತ್ತಾಪುರದ ಕೇಂದ್ರದಲ್ಲಿ ಎಲ್ಲರ ಎದುರಿಗೇ ಮಾತು ಮುಗಿಸಿದ್ದರು.

“ಬುಕಿಂಗ್ ತೆಗ್ಯೂದಕ್ಕ ಮೊದ್ಲ, ಇದೇ ಹೆಣ್ಮಕ್ಕಳ ಮುಂದ ನಿಂತು ತಾಣ ಕೆಡವಿದವರ ಹೆಸರು ಹೇಳವ್ವಾ. ಹೇಳಿದ್ರ ಕೆಲಸ ನಿಂದೇ. ಇಲ್ಲಂದ್ರ ಸೇಡಮ್‌ನ ಧೀರೇಂದ್ರ ಸರ್‌ಗೆ ಕೊಡ್ತೀವಿ.”

ಲುಂಬಿನಿಗೆ ಆ ಕೆಲಸ ಬೇಕಿತ್ತು, ಬೇಕೇ ಬೇಕಿತ್ತು. ಅವಳ ಕಸುಬು ಏನೆಂದು ಊರಿಗೆ ಅರ್ಥವಾದದ್ದೇ ಈ ಬುತ್ತಿಯಿಂದ. ರೊಟ್ಟಿ ಬಡಿಯುವ ಹೆಂಗಸರು “ನಮ್ಮ ಲುಂಬಿನಿ ನೋಡ್ಯಾಳ ಅಂದ್ರ ಬೀಳಂಗಿಲ್ಲ” ಎಂದು ಹೇಳಿಕೊಂಡು ತಿರುಗಿದಾಗ ಅವಳಿಗೆ ಆದ ಹಿಗ್ಗು, ಯಾವ ಕಂಪನಿಯವರು ಬೆನ್ನು ತಟ್ಟಿದರೂ ಆಗಿರಲಿಲ್ಲ. ಆ ಮಾತು ನಾಳೆ ಸುಳ್ಳಾಗಬಾರದು.

ಸಂಘದಲ್ಲಿ ಹಲವರ ಬೆರಳು ಅಜಯನ ಕಡೆಗಿತ್ತು. ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಅಕ್ಕ ತಮ್ಮ ಇಬ್ಬರಿಗೆ ಮಾತ್ರ. ಅಕ್ಕನಲ್ಲದಿದ್ದರೆ ತಮ್ಮ, ಇಷ್ಟೇ ಅವರ ಲೆಕ್ಕ. ಲುಂಬಿನಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೂ ಈ ದಿನ ಬೆಳಿಗ್ಗೆ ಅಜಯನಿಗೆ ಚಹಾ ಕೊಟ್ಟು, ಶಹಾಬಾದಿನ ಕೇಬಲ್ ಮಜೀದಸಾಬರ ಹತ್ತಿರ ಎರಡನೇ ಇಂಟರ್‌ನೆಟ್ ಲೈನಿನ ಮಾತಾಡಿ ಬಾ ಎಂದು ಕಳಿಸಿದ ಮೇಲೆ, ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸಿದ್ದಳು. ಬದಲಿಸಿ, ತನ್ನ ಮೇಲೇ ಸ್ವಲ್ಪ ಅಸಹ್ಯಪಟ್ಟುಕೊಂಡಿದ್ದಳು.

ಆ ಖಾತೆ ತೆರೆದ ದಿನ ಎಷ್ಟು ಚೆನ್ನಾಗಿತ್ತು. ಶಿವಕಾಂತಮ್ಮನ ಕೈಗುಣದ ಮೇಲೆ ಚಿತ್ತಾಪುರದ ಬಜಾರಿಗೇ ನಂಬಿಕೆ. ಬೆಳಗಿನ ಬೋಣಿ ಅವರಿಂದ ಆಗಲಿ ಎಂದು ಬಳೆ ಅಂಗಡಿಯವರೂ ಕಾಯುತ್ತಿದ್ದರು. ಲುಂಬಿನಿಯೂ ಬಿಡಲಿಲ್ಲ. ಹೆಸರಷ್ಟೇ ತನ್ನದು ಹಾಕಿ, ಮೊಬೈಲ್ ನಂಬರಿನ ಜಾಗಕ್ಕೆ ಎಲ್ಲರೂ ಅವ್ವ ಎನ್ನುವ ಶಿವಕಾಂತಮ್ಮನದೇ ಕೊಟ್ಟು, ಬಂದ ಓಟಿಪಿಯನ್ನು ಅವರ ಬಾಯಿಂದಲೇ ಓದಿಸಿ ಎಲ್ಲರಿಗೂ ಪೇಢೆ ಹಂಚಿದ್ದಳು. ಒಂದೊಂದೇ ಅಂಕಿಯನ್ನು ಮಂಗಳಾರತಿ ಹಾಡಿನಂತೆ ಎಳೆದು ಓದಿದ್ದ ಅವ್ವನನ್ನು ನೆನೆದರೆ ಈಗಲೂ ನಗು ಬರುತ್ತಿತ್ತು.

ಇರಲಿ. ಕಣ್ಣ ಮುಂದೆ ಇದ್ದದ್ದು ಈ ಹತ್ತು ಸಾವಿರ ಎತ್ತಿದ ಕೈಗಳು.

ಸುಳ್ಳು ಬೀಗರು ತಾವಾಗಿ ಹುಟ್ಟುವುದಿಲ್ಲ. ಯಾರಾದರೂ ಒಬ್ಬ ನಿಜವಾದ ಮನುಷ್ಯ ಒಮ್ಮೆ ಕೂತು, ಬುತ್ತಿ ಆರಿಸಿ, ವಿಳಾಸ ಬರೆದು, ಕೊಂಡು ತೋರಿಸಬೇಕು. ಯಂತ್ರ ಅದನ್ನೆಲ್ಲ ನೆನಪಿಟ್ಟುಕೊಂಡು ಸಾವಿರ ಸಲ ಹಾಗೇ ಮಾಡುತ್ತದೆ. ಆ ಮನುಷ್ಯ ಮಧ್ಯೆ ಮೂಗು ಕೆರೆದುಕೊಳ್ಳಲು ನಿಂತರೆ, ಅಷ್ಟೂ ಬೀಗರು ಅದೇ ಜಾಗದಲ್ಲಿ ಅಷ್ಟೇ ಹೊತ್ತು ನಿಲ್ಲುತ್ತಾರೆ. ಪಳಗಿದವರು ಇಂಥ ತಡವನ್ನು ಆಮೇಲೆ ಕತ್ತರಿಸಿ ತೆಗೆಯುತ್ತಾರೆ. ಇದನ್ನು ಮಾಡಿದವರು ತೆಗೆದಿರಲಿಲ್ಲ.

ಫೋನು ಬಂದಿರಬಹುದೇ? ಬಾಗಿಲು ಬಡಿದರೇ? ಆದರೆ ಯಾರೂ ಪಿನ್‌ಕೋಡಿನ ಮೂರನೇ ಅಂಕಿಗೆ ಕೈ ಎತ್ತುವುದಿಲ್ಲ, ಆರೂ ಮುಗಿಸಿಯೇ ಏಳುತ್ತಾರೆ. ಇದು ಬೆಚ್ಚಿ ಬಿಟ್ಟ ಕೈ. ಲುಂಬಿನಿಗೆ ತಲೆ ಓಡಲಿಲ್ಲ. ತಲೆ ಓಡದಿದ್ದಾಗ ಅವಳು ಭಾಗಣ್ಣನ ಚಹಾ ಅಂಗಡಿಗೆ ಇಳಿಯುತ್ತಿದ್ದಳು.

ಮಧ್ಯಾಹ್ನದ ಚಳಿಬಿಸಿಲು ಹಿತವಾಗಿತ್ತು. ಭಾಗಣ್ಣ ಸಾಣಿಗೆ ಎತ್ತಿ ಚಹಾ ಸೋಸುತ್ತಿದ್ದ. ಆಗ ದೂರದ ಸುಣ್ಣಕಲ್ಲಿನ ಗಣಿಯಿಂದ, ಕಲ್ಲು ಸಿಡಿಸಲು ಬಾರು ಹಾರಿಸುವ ಮುಂಚಿನ ಸೈರನ್ ಕೇಳಿತು. ಅಂಗಡಿಯಲ್ಲಿದ್ದವರು ಗಡಿಯಾರ ನೋಡಿ ಸುಮ್ಮನಾದರು. ಭಾಗಣ್ಣ ಮಾತ್ರ ಸೋಸುತ್ತಿದ್ದ ಪಾತ್ರೆ ಅರ್ಧಕ್ಕೇ ಕೆಳಗಿಟ್ಟು, ಗ್ಲಾಸು ಜೋಡಿಸಿದ ಹಲಗೆಯನ್ನು ಎರಡೂ ಕೈಯಿಂದ ಅವಚಿ ಹಿಡಿದು ನಿಂತ.

“ಭಾಗಣ್ಣಾ, ಇಷ್ಟು ದೂರದ ಬಾರಿಗೆ ವಾಡಿಯೊಳಗ ಗ್ಲಾಸ್ ಬೀಳ್ತಾವೇನು?” ಎಂದು ಅವಳು ಛೇಡಿಸಿದಳು.

“ಬೀಳಂಗಿಲ್ಲ ಬಿಡವಾ. ಆದ್ರ ಕೋಡ್ಲಾದಾಗ ಹುಟ್ಟಿದ ಕೈ ಇವು. ಗಣಿ ಬಗಲ್ಯಾಗೇ ನಮ್ಮನಿ. ಸೈರನ್ ಕೇಳಿದ್ರ ಮಾಡಾಕತ್ತಿದ್ದು ಅಲ್ಲೇ ಬಿಟ್ಟು ಏನರೆ ಹಿಡೀತಾವ. ನಮ್ಮ ಮನ್ಯಾಗ ಕುಂತ್ರ ಬೀಗರೂ ಅದೇ ಕಲೀತಾರ.”

ಚಹಾದ ಗ್ಲಾಸು ಲುಂಬಿನಿಯ ತುಟಿಯ ಹತ್ತಿರವೇ ನಿಂತಿತು. ಬೀಗರೂ ಕಲಿತಿದ್ದಾರೆ, ಹತ್ತು ಸಾವಿರ ಮಂದಿ ಕಲಿತಿದ್ದಾರೆ. ಅವಳು ಮಾಳಿಗೆಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಆ ದಾಖಲೆ ಮಾಡಿದ ವೇಳೆ ನೋಡಿದಳು. ಮಧ್ಯಾಹ್ನದ ಇದೇ ಹೊತ್ತು. ಯಾರೋ ಗಣಿಯ ಮಗ್ಗುಲಿನ ಮನೆಯಲ್ಲಿ ಕೂತು ಬೀಗರನ್ನು ಹುಟ್ಟಿಸುತ್ತಿದ್ದಾಗ ಸೈರನ್ ಕೂಗಿದೆ. ಆ ಮನುಷ್ಯ ಲ್ಯಾಪ್‌ಟಾಪಿನಿಂದ ಕೈ ಎತ್ತಿ ಏನನ್ನೋ ಹಿಡಿದುಕೊಂಡಿದ್ದಾನೆ, ಇಲ್ಲವೇ ಹಿಡಿದುಕೊಂಡಿದ್ದಾಳೆ.

ಕೋಡ್ಲಾ ಎಂದ ಕೂಡಲೇ ಇನ್ನೊಂದು ಹೆಸರು ತಾನಾಗಿ ಬಂತು. ಸೇಡಮ್‌ನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡ ಧೀರೇಂದ್ರನ ಹೆಂಡತಿ ವೃಂದಾಳ ತವರು ಕೋಡ್ಲಾ. ತನ್ನ ಕೈಯಿಂದ ಕೆಲಸ ತಪ್ಪಿದರೆ ಹೋಗುವುದು ಯಾರ ಕೈಗೆ? ಅದೇ ಧೀರೇಂದ್ರನ ಕೈಗೆ. ಲುಂಬಿನಿ ಕೆಳಗಿಳಿದು, ಬಾರು ಮುಗಿದ ಮೇಲೆ ಇನ್ನೊಮ್ಮೆ ಕೂಗಿದ ಸೈರನ್ನನ್ನು ಮೊಬೈಲಿನಲ್ಲಿ ಹಿಡಿದುಕೊಂಡು ನೇರ ಸ್ಟೇಷನ್ನಿಗೆ ನಡೆದಳು.

ಪ್ಯಾಸೆಂಜರ್ ಗಾಡಿ ಚಿತ್ತಾಪುರ ದಾಟಿತು, ಮಳಖೇಡ ದಾಟಿತು. ಎರಡೂ ಬದಿ ತೊಗರಿ ಕಾಯಿ ಕಟ್ಟಿ ನಿಂತಿತ್ತು. ಎದುರಿಗೆ ಕೂತ ಅಜ್ಜಿ ಕೇಳದೆಯೇ ಬೊಗಸೆ ಹುರಿದ ಶೇಂಗಾ ಕೊಟ್ಟು, ಮದುವೆಯಾಗಿದೆಯೇ ಎಂದು ವಿಚಾರಿಸಿದಳು. ಕಳ್ಳ ಸಿಕ್ಕ ಎಂಬ ಖುಷಿಯಲ್ಲಿ ಲುಂಬಿನಿ ಅದಕ್ಕೂ ನಕ್ಕಳು. ಅಜಯನ ಮೇಲೆ ಬೆರಳು ಮಾಡಿದವರ ಮುಂದೆ ನಾಳೆ ಹೇಗೆ ನಿಂತು ಮಾತಾಡಬೇಕು ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು.

ಸೇಡಮ್‌ನ ಆ ಮನೆಯಲ್ಲಿ ಧೀರೇಂದ್ರನೇ ಬಾಗಿಲು ತೆರೆದ. ಹಣೆಯಲ್ಲಿ ಅಂಗಾರ, ಕೈಯಲ್ಲಿ ಕೀಬೋರ್ಡಿನ ಧೂಳು ಝಾಡಿಸುವ ಬ್ರಷ್ಷು. ಬರ್ರಿ, ಕುಂದ್ರಿ ಎಂದು ಉಪಚಾರ ಮಾಡಿ, ಒಳಗೆ ಹೆಂಡತಿಗೆ ಚಹಾ ಹೇಳಿದ. ಗೋಡೆಗೆ ಒತ್ತಿ ಒಂದು ಗಾಜಿನ ಷೋಕೇಸು, ಅದರ ತುಂಬ ಚನ್ನಪಟ್ಟಣದ ಗೊಂಬೆಗಳು.

ಲುಂಬಿನಿ ಸುತ್ತುಬಳಸಲಿಲ್ಲ. ಲ್ಯಾಪ್‌ಟಾಪ್ ಬಿಚ್ಚಿ ತನ್ನ ಖಾತೆ ತೆರೆದು, ಬೀಗರು ನಿಂತ ಜಾಗ ತೋರಿಸಿ, ಇದನ್ನು ಮಾಡಿದವರು ಯಾರೆಂದು ನಿಮಗೆ ಗೊತ್ತಿರಬೇಕು ಎಂದಳು. ಧೀರೇಂದ್ರ ಕನ್ನಡಕ ಏರಿಸಿಕೊಂಡು ಭಾಳ ಹೊತ್ತು ನೋಡಿದ. ಅವನ ಮುಖದಲ್ಲಿ ಅಂಜಿಕೆ ಇರಲಿಲ್ಲ, ಕಸುಬಿನವನ ಕುತೂಹಲ ಇತ್ತು.

“ಇಂಥಾ ಗ್ಯಾಪ್ ಬಿಟ್ಟು ಕಳಸ್ತೀನೇನ್ರಿ ನಾನು? ನನ್ನ ಹುಡುಗ್ರು ಬಿಟ್ರೂ ಬೈತೀನಿ.”

“ಗಡಿಬಿಡಿಯೊಳಗ ಬಿಟ್ಟಿರಬಹುದು, ಸರ್. ನಮ್ಮ ಕೆಲಸ ನಿಮಗ ಬೇಕಿತ್ತಲ್ಲ.”

“ಬೇಕ್ರಿ. ಸುಳ್ಳ್ಯಾಕ ಹೇಳ್ಲಿ, ಈಗೂ ಬೇಕು.” ಅವನು ಬ್ರಷ್ಷನ್ನು ಮೇಜಿನ ಮೇಲಿಟ್ಟ. “ಆದ್ರ ಮನಿ ಕೆಡವಿ ತಗೊಂಡು ನಾ ಏನ್ ಮಾಡ್ಲಿ? ಬಿದ್ದ ತಾಣಕ್ಕ ಮಂದಿ ಮತ್ತ ಬರ್ತಾರೇನು? ನನ್ನ ಹೊಟ್ಟಿ ಮ್ಯಾಲ ನಾನೇ ಕಲ್ಲು ಹಾಕ್ಕೊಂಡಂಗ.”

ಮಾತು ನ್ಯಾಯವಾಗಿತ್ತು. ಆದರೆ ಲುಂಬಿನಿ ವಾದಕ್ಕೆ ಬಂದಿರಲಿಲ್ಲ. ಮೇಜಿನ ಕೆಳಗೆ ಮೊಬೈಲ್ ಹಿಡಿದು, ಸದ್ದು ಪೂರಾ ಏರಿಸಿ, ಸೈರನ್ ಒತ್ತಿದಳು.

ಧೀರೇಂದ್ರ ಕದಲಲಿಲ್ಲ. ಇದೇನು ರಿಂಗ್‌ಟೋನು ಎಂಬಂತೆ ಹುಬ್ಬು ಏರಿಸಿ ನೋಡಿದ, ಅಷ್ಟೇ. ಸೇಡಮ್ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಸದ್ದು ಏನೂ ಅಲ್ಲ.

ಒಳಗೆ ಲಟ್ಟಣಿಗೆ ಉರುಳಿ ಬಿದ್ದ ಸದ್ದಾಯಿತು. ವೃಂದಾ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಷೋಕೇಸನ್ನು ಎರಡೂ ತೋಳು ಚಾಚಿ ಅಪ್ಪಿ ಹಿಡಿದು, ಕಣ್ಣು ಮುಚ್ಚಿ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಮನೆಯಲ್ಲಿ ಗಾಜಿನ ಮೇಲೆ ಹಿಟ್ಟಿನ ಹತ್ತೂ ಬೆರಳು ಮೂಡಿದ್ದವು.

ಸೈರನ್ ನಿಂತಿತು. ವೃಂದಾ ಕಣ್ಣು ತೆರೆದು, ತಾನು ಎಲ್ಲಿದ್ದೇನೆ ಎಂದು ಗೊತ್ತಾಗಿ, ನಾಚಿ ನಕ್ಕುಬಿಟ್ಟಳು. ಧೀರೇಂದ್ರನೂ ನಕ್ಕ. ಮದುವೆಯಾಗಿ ಇಷ್ಟು ವರ್ಷವಾದರೂ ಇವಳ ಈ ಚಟ ಹೋಗಿಲ್ಲ, ಪೊಲೀಸ್ ಗಾಡಿ ಹೋದರೂ ಗೊಂಬೆ ಹಿಡಿಯುತ್ತಾಳೆ ಎಂದ. ಲುಂಬಿನಿಗೂ ನಗು ತಡೆಯಲಾಗಲಿಲ್ಲ.

“ಟೀಚರ್, ನೀವು ಕೋಡ್ಲಾಕ್ಕ ಯಾವಾಗ ಹೋಗಿದ್ರಿ?” ಎಂದು ಲುಂಬಿನಿ ಮೆಲ್ಲಗೆ ಕೇಳಿದಳು. ವೃಂದಾ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಸಂಘದ ಹೆಣ್ಣುಮಕ್ಕಳಿಗೆ ಮೌಸ್ ಹಿಡಿಯುವುದನ್ನು ಕಲಿಸಿದವಳೂ ಅವಳೇ.

ವೃಂದಾಳ ನಗು ಇಳಿಯಿತು. ಗಂಡನ ಮುಖ ನೋಡಿದಳು, ಲ್ಯಾಪ್‌ಟಾಪ್ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಕೂತಳು.

“ಬೀಗರನ್ನ ನಾ ಕಳಿಸಿಲ್ಲ, ಲುಂಬಿನಿ ಅಕ್ಕಾ. ಆದ್ರ ಅವರು ಹುಟ್ಟಿದ್ದು ನಮ್ಮವ್ವನ ಮನ್ಯಾಗೇ.”

ಧೀರೇಂದ್ರನ ಕೈಯಲ್ಲಿದ್ದ ಕನ್ನಡಕ ಮಡಿಲಿಗೆ ಬಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ ಎಂಬುದಕ್ಕೆ ಆ ಮುಖವೇ ಸಾಕ್ಷಿಯಾಗಿತ್ತು. ಟ್ರೇನಿನಲ್ಲಿ ಹೇಳಿಕೊಂಡು ಬಂದ ಭಾಷಣವನ್ನು ಲುಂಬಿನಿ ಮನಸ್ಸಿನಲ್ಲೇ ಹರಿದು ಹಾಕಿದಳು.

ವೃಂದಾ ಹೇಳಿದ್ದು ಇಷ್ಟು. ರಜೆಗೆಂದು ತಾಯಿ ಅನಸೂಯಾಬಾಯಿಯ ಮನೆಯಲ್ಲಿ ಇದ್ದಾಗ, ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಹಬ್ಬದ ಮುಂಚೆ ಬುತ್ತಿಯ ತಾಣವನ್ನು ತಾವೂ ಒಮ್ಮೆ ಪರೀಕ್ಷೆ ಮಾಡಿ ನೋಡಬೇಕು, ಇಂಟರ್‌ನೆಟ್ ಜೋಡಿಸಿಕೊಡು ಎಂದರು. ಜೋಡಿಸಿಕೊಟ್ಟಳು. ಉಳಿದದ್ದನ್ನು ಅವರೇ, ಒಂದು ಬೆರಳಿನಿಂದ, ತಪ್ಪಿಲ್ಲದೆ ಮಾಡಿದರು. ನಡುವೆ ಸೈರನ್ ಕೂಗಿತು. ಮನೆಯವರೆಲ್ಲ ಒಂದೊಂದು ಹಿಡಿದು ನಿಂತರು, ಅವರೂ ನಿಂತರು.

“ಯಾರು?” ಎಂದ ಧೀರೇಂದ್ರ.

“ಅದನ್ನ ಕೇಳಬ್ಯಾಡ್ರಿ. ತುಳಸಿ ಮುಂದ ನಿಂತು ಮಾತು ಕೊಟ್ಟೀನಿ. ಹೆಸರು ನನ್ನ ಬಾಯಾಗ ಬರಂಗಿಲ್ಲ.”

ಲುಂಬಿನಿ ಲ್ಯಾಪ್‌ಟಾಪ್ ಬದಿಗೆ ಸರಿಸಿದಳು. “ಅಜಯ ಏನ್ರಿ?”

“ಅಲ್ಲ.”

ಲುಂಬಿನಿಗೆ ಬೆಳಿಗ್ಗೆ ಕದ್ದು ಬದಲಿಸಿದ ಪಾಸ್‌ವರ್ಡ್ ನೆನಪಾಗಿ, ಮನೆಗೆ ಹೋದ ಕೂಡಲೇ ತಮ್ಮನಿಗೆ ಏನಾದರೂ ತಿನ್ನಲು ಮಾಡಿಕೊಡಬೇಕು ಎಂದುಕೊಂಡಳು. ಅಜಯನಲ್ಲ, ಧೀರೇಂದ್ರನಲ್ಲ. ಹಾಗಾದರೆ ನಾಳೆ ಆ ಹೆಣ್ಣುಮಕ್ಕಳ ಮುಂದೆ ನಿಂತು ಹೇಳುವುದು ಯಾರ ಹೆಸರನ್ನು?

“ಟೀಚರ್, ಹೆಸರು ಬ್ಯಾಡ. ಅವರು ಹೆಂಗ ಒಳಗ ಹೋದ್ರು, ಅಷ್ಟು ಹೇಳ್ರಿ. ಖಾತೆ ನಂದು. ಪಾಸ್‌ವರ್ಡ್ ಬೇಕಲ್ಲ.”

ವೃಂದಾ ಸ್ವಲ್ಪ ಯೋಚಿಸಿದಳು. ಕೊಟ್ಟ ಮಾತು ಎಲ್ಲಿಗೆ ಮುಗಿಯುತ್ತದೆ, ಎಲ್ಲಿಂದ ಆಚೆ ಹೇಳಬಹುದು ಎಂದು ಒಳಗೇ ತೂಗುತ್ತಿದ್ದಂತಿತ್ತು.

“ಪಾಸ್‌ವರ್ಡ್ ಯಾರೋ ಮೊದಲೇ ಹೇಳಿಕೊಟ್ಟಿದ್ರು, ಬಾಯಿಪಾಠ ಮಾಡ್ಕೊಂಡು ಬಂದಿದ್ರು. ಹೊಸಾ ಲ್ಯಾಪ್‌ಟಾಪ್ ಅಂತ ಅದು ಓಟಿಪಿ ಕೇಳ್ತು. ಅವರು ತಮ್ಮ ಮೊಬೈಲ್ ತಗದು, ನೋಡಿ, ಓದಿದ್ರು.”

“ತಮ್ಮ ಮೊಬೈಲಾ?”

“ಹೂಂ. ತಮ್ಮದೇ.”

ಅಜಯನ ಲ್ಯಾಪ್‌ಟಾಪಿಗೂ ಅವಳದಕ್ಕೂ ಆ ಖಾತೆ ಎಂದೂ ಓಟಿಪಿ ಕೇಳಿರಲಿಲ್ಲ. ಹಳೆಯ ಪರಿಚಯ. ಕೇಳಿದರೆ ಅದು ಯಾವ ಮೊಬೈಲಿಗೆ ಹೋಗುತ್ತದೆ ಎಂಬುದನ್ನೇ ಲುಂಬಿನಿ ಮರೆತಿದ್ದಳು. ಪೇಢೆಯ ಡಬ್ಬಿ, ಹೆಣ್ಣುಮಕ್ಕಳ ಚಪ್ಪಾಳೆ, ಮಂಗಳಾರತಿಯಂತೆ ಎಳೆದ ಅಂಕಿಗಳು ಒಂದಾದ ಮೇಲೊಂದು ನೆನಪಿಗೆ ಬಂದವು. ಕೈಗುಣ ಚೆನ್ನಾಗಿದೆ ಎಂದು ತಾನೇ ಮನೆಯ ಬೀಗದ ಕೈಯನ್ನು ಆ ಕೈಗೆ ಕೊಟ್ಟಿದ್ದಳು.

ಕಳ್ಳರ ಹೆಸರು ಹೇಳು ಎಂದು ಅಪ್ಪಣೆ ಮಾಡಿದ್ದೂ ಅದೇ ಬಾಯಿ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ರೊಟ್ಟಿ ಬಡಿಯುವ ಮುಂಚೆ ಹಂಚಿಗೆ ಹನಿ ನೀರು ಚಿಮುಕಿಸಿ ಕಾದಿದೆಯೇ ಎಂದು ನೋಡುವ ಹೆಂಗಸು, ತಾನೇ ಹಂಚು ಒಡೆಯುತ್ತಾಳೆಯೇ? ಪರೀಕ್ಷೆಗೆಂದು ಹೋಗಿ ತಿಳಿಯದೆ ಮಿತಿಮೀರಿ ಕಳಿಸಿದ್ದರೆ, ಒಂದು ಮಾತು ಹೇಳಬಹುದಿತ್ತು. ತುಳಸಿಯ ಮುಂದೆ ಆಣೆ ಯಾಕೆ? ಎಲ್ಲರೆದುರಿಗೆ ಹೆಸರು ಹೇಳು ಎಂಬ ಹಟ ಯಾಕೆ?

ವೃಂದಾ ಚಹಾ ತಂದಿಟ್ಟಳು. ಲುಂಬಿನಿ ಗ್ಲಾಸಿಗೆ ಕೈ ಹಾಕುವಷ್ಟರಲ್ಲಿ ಮೊಬೈಲ್ ರಿಂಗಾಯಿತು. ಶಿವಕಾಂತಮ್ಮ.

“ಹೆಸರು ಸಿಕ್ತೇನವ್ವಾ?”

ದನಿಯಲ್ಲಿ ಅದೇ ಅಕ್ಕರೆ. ಲುಂಬಿನಿ ಒಂದು ಗುಟುಕು ಚಹಾ ಕುಡಿದೇ ಉತ್ತರ ಕೊಟ್ಟಳು. “ಸಿಕ್ಕದ್ರಿ, ಅವ್ವಾ.”

ಆ ಕಡೆಯಿಂದ ಬಂದ ಮಾತಿನಲ್ಲಿ ಅಂಜಿಕೆ ಇರಲಿಲ್ಲ. ಹಗುರಾದವರ ಸಮಾಧಾನ ಇತ್ತು.

“ಚಲೋ ಆತು. ನಾಳಿ ಎಲ್ಲಾರ ಮುಂದ ಗಟ್ಟಿಯಾಗಿ ಹೇಳು. ಎಂಥಾ ದೊಡ್ಡವರ ಹೆಸರಿರ್ಲಿ, ಅಂಜಬ್ಯಾಡ. ನೀ ಹೇಳಬೇಕು, ಹೆಣ್ಮಕ್ಕಳು ಕೇಳಬೇಕು. ಅದಕ್ಕೇ... ಒಂದ್ ನಿಮಿಷ ತಡಿ, ಏನೋ ಬಂತು.”

ಫೋನು ಕಿವಿಯಿಂದ ದೂರ ಹೋಯಿತು. ಅವರು ಅದನ್ನು ಕಟ್ ಮಾಡಿರಲಿಲ್ಲ. ಒಂದೊಂದೇ ಅಂಕಿಯನ್ನು ಎಳೆದು ಓದುವುದು ಸ್ಪಷ್ಟವಾಗಿ ಕೇಳುತ್ತಿತ್ತು.

“ನಾಕು... ಸೊನ್ನಿ... ಏಳು...”

ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಖಾತೆ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಪಾಸ್‌ವರ್ಡ್ ಬದಲಾಗಿದೆ ಎಂಬ ಸಾಲು ಬಂತು. ಲುಂಬಿನಿ ಬೆಳಿಗ್ಗೆ ಇಟ್ಟದ್ದನ್ನು ಹೊಡೆದಳು, ಹೋಗಲಿಲ್ಲ. ಹಳೆಯದನ್ನು ಹೊಡೆದಳು, ಅದೂ ಹೋಗಲಿಲ್ಲ. ಆ ಮೊಬೈಲ್ ಇದ್ದವರಿಗೆ ಯಾವ ಪಾಸ್‌ವರ್ಡೂ ಬೇಕಿಲ್ಲ ಎಂಬುದು ಆಗ ಹೊಳೆಯಿತು. ಬಾಡಿಗೆಯ ಅಷ್ಟೂ ಸರ್ವರುಗಳು, ಅಷ್ಟೂ ಬೀಗರು ಈಗ ಫೋನಿನ ಆ ಕಡೆಯವರ ಕೈಯಲ್ಲಿದ್ದರು. ಬೆಳಗಾದರೆ ಬುಕಿಂಗ್.

“ಸಾಕ್ರಿ ಅವ್ವಾ, ಒಳಗ ಹೋದೆ” ಎಂದು ಫೋನಿನ ಆ ಕಡೆ ಒಬ್ಬ ಗಂಡಸು ಹೇಳಿದ.

ಆ ದನಿಗೆ ಲುಂಬಿನಿ ಈ ದಿನ ಬೆಳಿಗ್ಗೆಯೇ ಚಹಾ ಕೊಟ್ಟು ಶಹಾಬಾದಿಗೆ ಕಳಿಸಿದ್ದಳು. ನಾಳೆ ಹೇಳಬೇಕಾದ ಹೆಸರುಗಳು ಈಗ ಎರಡಾಗಿದ್ದವು, ಮತ್ತು ಎರಡೂ ಅವಳು ಅವ್ವ, ತಮ್ಮ ಎಂದು ಬಾಯಿ ತುಂಬ ಕರೆಯುತ್ತಿದ್ದವರ ಹೆಸರುಗಳೇ.